ವಾರ್ಟನ್‌ಗೆ ಪಾಠ ಹೇಳಿದ ಫಿಲಡೆಲ್ಫಿಯಾ

ಬಿಸಿನೆಸ್ ಸ್ಕೂಲ್ ಎಂದರೆ ಕಂಪನಿಗಳಿಗೆ ಮ್ಯಾನೇಜರುಗಳನ್ನು ತಯಾರಿಸುವ ಜಾಗ ಎಂಬುದು ಇಂದಿನ ತಿಳಿವಳಿಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಆರಂಭದ ದಶಕಗಳನ್ನು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. 1881ರಲ್ಲಿ ಒಂದು ಲಕ್ಷ ಡಾಲರ್ ಕೊಟ್ಟು ಅದನ್ನು ಸ್ಥಾಪಿಸಿದ ಜೋಸೆಫ್ ವಾರ್ಟನ್, ನಿಕ್ಕಲ್ ಮತ್ತು ಉಕ್ಕಿನಲ್ಲಿ ಹಣ ಮಾಡಿದ ಕ್ವೇಕರ್ ಉದ್ಯಮಿ. ವಿದೇಶಿ ಸರಕಿನ ಮೇಲೆ ಸುಂಕ ಹಾಕಿ ಸ್ವದೇಶಿ ಕೈಗಾರಿಕೆಯನ್ನು ಕಾಯಬೇಕೆಂದು ಅಲ್ಲಿ ಬೋಧಿಸಬೇಕೆಂಬುದು ಅವರ ಹಟ. ಆದರೆ ಆಸ್ತಿ, ವ್ಯಾಪಾರ ನೋಡಿಕೊಳ್ಳುವ ವಿದ್ಯೆಯ ಜೊತೆಗೆ ಒಳ್ಳೆಯ ಆಡಳಿತದ ತತ್ವಗಳನ್ನೂ ಕಲಿಸಬೇಕೆಂದು ಅವರು ಕೇಳಿದ್ದರು. ಈ ಎರಡನೆಯ ಬೇಡಿಕೆಗೆ ಪಠ್ಯವಾಗಿ ಒದಗಿದ್ದು ಸುತ್ತಲಿನ ಊರಾದ ಫಿಲಡೆಲ್ಫಿಯಾವೇ. ಶಾಲೆಯನ್ನು ಮುನ್ನಡೆಸಿದ ಎಡ್ಮಂಡ್ ಜೇಮ್ಸ್ 1886ರಲ್ಲಿ ನಗರಸಭೆಗಳ ಅನಿಲ ಪೂರೈಕೆಯ ಬಗ್ಗೆ ಬರೆದು, ಅದು ಸಾರ್ವಜನಿಕರ ಕೈಯಲ್ಲೇ ಇರಬೇಕೆಂದು ವಾದಿಸಿದರು. ಆದರೂ ಅದೇ ಫಿಲಡೆಲ್ಫಿಯಾ 1897ರಲ್ಲಿ ತನ್ನ ಅನಿಲ ಸ್ಥಾವರವನ್ನು ಖಾಸಗಿ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು.

ಈ ಶಾಲೆಯ ನೆರಳಿನಲ್ಲಿ ಬೆಳೆದ ಅತ್ಯಂತ ಬೆಲೆಯುಳ್ಳ ಕೆಲಸ ಕಪ್ಪು ವಿದ್ವಾಂಸ ಡಬ್ಲ್ಯೂ.ಇ.ಬಿ. ಡುಬೊಯಿಸ್ ಅವರದು. 1896ರಲ್ಲಿ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡು, ಕಪ್ಪು ಜನರು ಹೆಚ್ಚಾಗಿದ್ದ ಏಳನೇ ವಾರ್ಡಿನ ಅಧ್ಯಯನವನ್ನು ಒಪ್ಪಿಸಿತು. ಏಳನೇ ಬೀದಿಯಿಂದ ಸ್ಕೂಯಿಲ್‌ಕಿಲ್ ನದಿಯವರೆಗೆ ಆ ವಾರ್ಡು. ನದಿ ದಾಟಿದರೆ ವಿಶ್ವವಿದ್ಯಾಲಯ. ಡುಬೊಯಿಸ್ ಪತ್ನಿಯೊಂದಿಗೆ ವಾರ್ಡಿನಲ್ಲೇ ಮನೆ ಮಾಡಿ, ಸುಮಾರು 2,500 ಮನೆಗಳ ಬಾಗಿಲಿಗೆ ಹೋದರು. ಕೋಣೆಗಳೆಷ್ಟು, ಬಾಡಿಗೆಯೆಷ್ಟು, ಒಳಬಾಡಿಗೆಗೆ ಯಾರಿದ್ದಾರೆ, ದುಡಿಮೆ ಯಾವುದು ಎಂದು ಪ್ರಶ್ನಾವಳಿಗಳಲ್ಲಿ ತುಂಬಿಕೊಂಡರು. ದುಬಾರಿ ಬಾಡಿಗೆ ತೂಗಿಸಲು ಜನ ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಬೇರೆಯವರಿಗೆ ಜಾಗ ಕೊಡುತ್ತಿದ್ದರು. ಕಸಬು ಗೊತ್ತಿದ್ದವರಿಗೂ ಬಣ್ಣದ ಕಾರಣಕ್ಕೆ ಕೆಲಸ ಸಿಗುತ್ತಿರಲಿಲ್ಲ. ಬಡತನಕ್ಕೆ ಜನಾಂಗದ ಗುಣವೇ ಕಾರಣ ಎನ್ನುತ್ತಿದ್ದವರಿಗೆ 1899ರಲ್ಲಿ ಪ್ರಕಟವಾದ ಈ ಅಧ್ಯಯನ ಕೂಲಿ, ಬಾಡಿಗೆಗಳ ಲೆಕ್ಕ ಮುಂದಿಟ್ಟು ಉತ್ತರ ಕೊಟ್ಟಿತು. ಮಾರುಕಟ್ಟೆ ಯಾರನ್ನು ಹೊರಗಿಡುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ತೋರಿಸಿದ ಅರ್ಥಶಾಸ್ತ್ರ ಆ ಕಾಲದಲ್ಲಿ ಅಪರೂಪ.

ಇದು ಸಮಾಜಶಾಸ್ತ್ರ, ವ್ಯಾಪಾರ ವಿದ್ಯೆಗೂ ಇದಕ್ಕೂ ಏನು ನಂಟು ಎಂದು ಕೇಳಬಹುದು. ಆಗ ವಾರ್ಟನ್‌ನಲ್ಲಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಹಣಕಾಸು ಎಲ್ಲವೂ ಒಂದೇ ಸೂರಿನಡಿ ಇದ್ದವು. ಇವುಗಳ ನಡುವಿನ ಗೋಡೆ ಆಮೇಲಿನದು. ಡುಬೊಯಿಸ್‌ಗೆ ಅಲ್ಲಿ ಪಾಠ ಹೇಳುವ ಅವಕಾಶವನ್ನೇ ಕೊಡಲಿಲ್ಲವಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದು ನಿಜ, ಆ ಅನ್ಯಾಯವನ್ನು ಮರೆಮಾಚಬಾರದು. ಆದರೂ ಊರನ್ನು ಓದುವ ಅಭ್ಯಾಸ ಅವರೊಂದಿಗೆ ಮುಗಿಯಲಿಲ್ಲ. ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಬಹಿರಂಗವಾಗಿ ಮಾತನಾಡುತ್ತಿದ್ದ ವಾರ್ಟನ್ ಅಧ್ಯಾಪಕ ಸ್ಕಾಟ್ ನಿಯರಿಂಗ್ ಅವರನ್ನು 1915ರಲ್ಲಿ ಟ್ರಸ್ಟಿಗಳು ಕೈಬಿಟ್ಟರು. ಶಾಲೆ ಧನಿಕರ ಕೈಗೊಂಬೆಯಾಗಿತ್ತು ಎನ್ನುವುದಕ್ಕೆ ಇದನ್ನೇ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ನನಗೆ ಇದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ತರಗತಿಯ ಮಾತು ಊರಿನ ಕಾರ್ಖಾನೆಗಳನ್ನು ತಲುಪದೇ ಇದ್ದಿದ್ದರೆ ಆ ಅಧ್ಯಾಪಕರನ್ನು ತೆಗೆದುಹಾಕುವ ಗರಜು ಯಾರಿಗೂ ಬೀಳುತ್ತಿರಲಿಲ್ಲ. ಅದೇ ವರ್ಷ ಹುಟ್ಟಿದ್ದ ಅಮೆರಿಕದ ಪ್ರಾಧ್ಯಾಪಕರ ಸಂಘ ಈ ಪ್ರಕರಣವನ್ನು ತನಿಖೆಗೆ ಎತ್ತಿಕೊಂಡಿತು.