ಮಾತು ನಿಂತ ಮೇಲೆ ಕಂಪೆನಿ

ಲಂಡನ್ನಿನ ಒಂದು ಸಿಗರೇಟು ಕಂಪೆನಿ. ಅಲ್ಲಿ ನಿರ್ದೇಶಕರ ಸಭೆ. ಇರುವವರೇ ಇಬ್ಬರು ನಿರ್ದೇಶಕರು, ಆದರೆ ಒಬ್ಬರು ಇನ್ನೊಬ್ಬರೊಡನೆ ಮಾತಾಡುವುದಿಲ್ಲ. ಒಬ್ಬರು ಹೇಳಿದ್ದನ್ನು ಕಾರ್ಯದರ್ಶಿ ಕೇಳಿಸಿಕೊಂಡು ಅದೇ ಕೋಣೆಯಲ್ಲಿರುವ ಇನ್ನೊಬ್ಬರಿಗೆ ತಲುಪಿಸಬೇಕು. ಕತೆ ಬರೆಯುವ ನಾನು ಕಟ್ಟಿದ ಪ್ರಸಂಗವಲ್ಲ ಇದು. 1916ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಯೆನಿಜೆ ಟೊಬ್ಯಾಕೊ ಕಂಪೆನಿಯ ಪ್ರಕರಣ.

ಯೆನಿಜೆ ಎಂಬುದು ಹಿಂದೆ ಒಟ್ಟೋಮನ್ ಆಳ್ವಿಕೆಯಲ್ಲಿದ್ದ, ಈಗ ಗ್ರೀಸಿಗೆ ಸೇರಿದ ಊರೊಂದರ ಹೆಸರು. ಅಲ್ಲಿನ ಹೊಗೆಸೊಪ್ಪಿಗೆ ಯೂರೋಪಿನಲ್ಲೆಲ್ಲ ಬೇಡಿಕೆಯಿತ್ತು. ರಾತ್‌ಮನ್ ಮತ್ತು ವೈನ್‌ಬರ್ಗ್ ಎಂಬ ಇಬ್ಬರು ಸಿಗರೇಟು ತಯಾರಕರು ತಮ್ಮ ಬೇರೆ ಬೇರೆ ವ್ಯಾಪಾರಗಳನ್ನು ಒಂದುಗೂಡಿಸಿ ಈ ಹೆಸರಿನ ಖಾಸಗಿ ಕಂಪೆನಿ ಮಾಡಿಕೊಂಡರು. ಇಬ್ಬರಿಗೂ ಸಮಾನ ಮತ. ಭಿನ್ನಾಭಿಪ್ರಾಯ ಬಂದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕೆಂದು ನಿಯಮಾವಳಿಯಲ್ಲೇ ಬರೆದಿತ್ತು.

ಭಿನ್ನಾಭಿಪ್ರಾಯ ಬಂದೇ ಬಂತು. ಒಂದು ತಕರಾರು ಮಧ್ಯಸ್ಥಿಕೆಗೆ ಹೋಗಿ ಬಹಳ ಹಣ ಖರ್ಚಾಯಿತು. ಬಂದ ತೀರ್ಮಾನವನ್ನು ರಾತ್‌ಮನ್ ಪಾಲಿಸಲಿಲ್ಲ. ಅದಲ್ಲದೆ, ವೈನ್‌ಬರ್ಗ್ ತನಗೆ ಮೋಸ ಮಾಡಿ ಒಪ್ಪಂದಕ್ಕೆ ಎಳೆದರೆಂದು ದಾವೆಯನ್ನೂ ಹೂಡಿದರು. ಕೊನೆಗೆ ವೈನ್‌ಬರ್ಗ್ ಕಂಪೆನಿಯನ್ನೇ ಮುಚ್ಚಿಸಿರೆಂದು ನ್ಯಾಯಾಲಯದ ಬಾಗಿಲು ತಟ್ಟಿದರು.

ಸೋಜಿಗವೆಂದರೆ ಕಂಪೆನಿ ನಷ್ಟದಲ್ಲಿರಲಿಲ್ಲ. ಒಳ್ಳೆಯ ಲಾಭವನ್ನೇ ಗಳಿಸುತ್ತಿತ್ತು. ಲಾಭ ತರುವ ಕಂಪೆನಿಯನ್ನು ಮುಚ್ಚುವುದು ಹೇಗೆ?

ಈ ಪ್ರಶ್ನೆಯ ತೊಡಕು ತಿಳಿಯಬೇಕಾದರೆ ಪಾಲುದಾರಿಕೆಗೂ ಕಂಪೆನಿಗೂ ಇರುವ ವ್ಯತ್ಯಾಸ ತಿಳಿಯಬೇಕು. ಉರ್ದು ಓದಿದವರಿಗೆ 'ಶಿರ್ಕತ್' ಎಂಬ ಪದ ಗೊತ್ತು. ಫಿಕ್ಹ್ ಗ್ರಂಥಗಳಲ್ಲಿ ಅದಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಪಾಲುದಾರರು ಒಬ್ಬರಿಗೊಬ್ಬರು ಪ್ರತಿನಿಧಿಗಳು. ಬೇಡವೆನಿಸಿದವನು ಇನ್ನೊಬ್ಬನಿಗೆ ತಿಳಿಸಿ ಹೊರಬರಬಹುದೆಂಬುದು ಅಲ್ಲಿನ ಸಾಮಾನ್ಯ ನಿಯಮ. ನಮ್ಮ 1932ರ ಪಾಲುದಾರಿಕೆ ಕಾಯ್ದೆಯಲ್ಲೂ ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಒಬ್ಬ ಪಾಲುದಾರ ನೋಟಿಸು ಕೊಟ್ಟು ಮುಗಿಸಬಹುದು. ಕಂಪೆನಿ ಹಾಗಲ್ಲ. ಕಾನೂನಿನ ಕಣ್ಣಿಗೆ ಅದೇ ಒಬ್ಬ ಬೇರೆ ವ್ಯಕ್ತಿ. ಮಾಲೀಕರ ಮುನಿಸಿನಿಂದ ಅದು ಸಾಯುವುದಿಲ್ಲ.

ಯೆನಿಜೆ ಪ್ರಕರಣದಲ್ಲಿ ಲಾರ್ಡ್ ಕೋಜನ್ಸ್-ಹಾರ್ಡಿ ಅವರಿದ್ದ ಪೀಠ ಈ ಹೊದಿಕೆಯನ್ನು ಸರಿಸಿ ಒಳಗೆ ನೋಡಿತು. ಹೆಸರಿಗೆ ಕಂಪೆನಿ, ಹುರುಳಿನಲ್ಲಿ ಇಬ್ಬರ ಪಾಲುದಾರಿಕೆ. ಪಾಲುದಾರಿಕೆಯಾಗಿದ್ದರೆ ಇಂಥ ಸ್ಥಿತಿಯಲ್ಲಿ ಅದನ್ನು ವಿಸರ್ಜಿಸಲೇಬೇಕಿತ್ತು. ಆದ್ದರಿಂದ ಕಂಪೆನಿಯನ್ನು ಮುಚ್ಚುವುದೇ 'ನ್ಯಾಯ ಮತ್ತು ಸಮಂಜಸ' ಎಂದು ತೀರ್ಪಾಯಿತು. ಲಾಭವಿದೆ ಎಂಬ ಮಾತು ನಿಲ್ಲಲಿಲ್ಲ. ನಂಬಿಕೆ ಸತ್ತ ಮೇಲೂ ಲೆಕ್ಕಪುಸ್ತಕ ಉಸಿರಾಡುತ್ತಿರಬಹುದೆಂದು ನ್ಯಾಯಾಧೀಶರು ಅರಿತಿದ್ದರು.

ಈ ತತ್ವ ಇನ್ನಷ್ಟು ಬೆಳೆದದ್ದು ಪರ್ಷಿಯನ್ ರತ್ನಗಂಬಳಿಗಳ ವ್ಯಾಪಾರದಿಂದ. ಲಂಡನ್ನಿನಲ್ಲಿ ಇಬ್ರಾಹಿಮಿ ಮತ್ತು ನಜರ್ ಮೊದಲು ಪಾಲುದಾರರಾಗಿದ್ದು, 1958ರಲ್ಲಿ ವೆಸ್ಟ್‌ಬೋರ್ನ್ ಗ್ಯಾಲರೀಸ್ ಎಂಬ ಕಂಪೆನಿ ಮಾಡಿದರು. ಸರಿಸಮ ಷೇರು. ನಜರ್ ಮಗ ಬಂದಾಗ ಇಬ್ಬರೂ ತಮ್ಮ ಪಾಲಿನಿಂದ ನೂರು ನೂರು ಷೇರು ಕೊಟ್ಟರು. ಅಪ್ಪ ಮಗ ಒಂದಾದಾಗ ಬಹುಮತ ಅವರದಾಯಿತು. 1969ರಲ್ಲಿ ಇಬ್ರಾಹಿಮಿಯನ್ನು ನಿರ್ದೇಶಕ ಸ್ಥಾನದಿಂದ ತೆಗೆದರು. ಕಾನೂನಿನ ಅಕ್ಷರದಲ್ಲಿ ಅದಕ್ಕೆ ಅವಕಾಶವಿತ್ತು. ಆದರೆ 1972ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕಂಪೆನಿ ವಿಸರ್ಜನೆಗೆ ಆದೇಶಿಸಿತು. ಕಂಪೆನಿಯ ಹಿಂದೆ ಮನುಷ್ಯರಿದ್ದಾರೆ, ಅವರ ನಡುವೆ ಬರೆದಿಡದ ಹಕ್ಕು, ನಿರೀಕ್ಷೆ, ಹೊಣೆಗಳಿರುತ್ತವೆ ಎಂಬುದು ಲಾರ್ಡ್ ವಿಲ್ಬರ್‌ಫೋರ್ಸ್ ಅವರ ತೀರ್ಪಿನ ತಿರುಳು.

ನಮ್ಮಲ್ಲಿ 1956ರ ಕಂಪೆನಿ ಕಾಯ್ದೆಯಲ್ಲೂ, ಈಗಿರುವ 2013ರ ಕಾಯ್ದೆಯಲ್ಲೂ 'ನ್ಯಾಯ ಮತ್ತು ಸಮಂಜಸ' ಎಂಬ ಕಾರಣ ಉಳಿದಿದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿ ಇಂಥ ಅರ್ಜಿಗಳನ್ನು ಕೇಳುತ್ತದೆ. ಜಗಳವಾದ ಮಾತ್ರಕ್ಕೆ ಬೀಗ ಬೀಳುವುದಿಲ್ಲ. ಬೇರೆ ಪರಿಹಾರವಿದ್ದೂ ವಿನಾಕಾರಣ ಅದನ್ನು ಬಿಟ್ಟು ಬಂದವರ ಅರ್ಜಿಯನ್ನು ತಳ್ಳಿಹಾಕಬಹುದು. ಒಬ್ಬರ ಷೇರನ್ನು ಇನ್ನೊಬ್ಬರು ಕೊಳ್ಳುವಂತೆ ಮಾಡುವ ದಾರಿಯೂ ಕಾಯ್ದೆಯಲ್ಲಿದೆ. ಮುಚ್ಚಿದರೆ ದುಡಿಯುವವರ ಕೂಲಿಯೂ ನಿಲ್ಲುತ್ತದಲ್ಲ!

ನಮ್ಮ ಊರುಗಳಲ್ಲಿ ಅಣ್ಣ ತಮ್ಮ, ಭಾವ ಮೈದುನ, ಬಾಲ್ಯದ ಗೆಳೆಯರು ಸೇರಿ ಕಂಪೆನಿ ಮಾಡುವುದುಂಟು. 'ನಿನಗರ್ಧ ನನಗರ್ಧ' ಎಂದರೆ ನ್ಯಾಯ ಮುಗಿಯಿತೆಂದು ತಿಳಿಯುತ್ತೇವೆ. ಸರಿಸಮ ಪಾಲಿನಲ್ಲಿ ಪ್ರೀತಿಯಿದೆ, ನಿಜ. ಆದರೆ ಮನಸ್ಸು ಮುರಿದಾಗ ಯಾವ ತೀರ್ಮಾನವೂ ಆಗದಂತೆ ತಡೆಯುವುದೂ ಅದೇ. ಬೇರೆಯಾಗಬೇಕಾದರೆ ಯಾರು ಯಾರ ಷೇರನ್ನು ಕೊಳ್ಳಬೇಕು, ಬೆಲೆ ಕಟ್ಟುವವರು ಯಾರು ಎಂದು ಮೊದಲ ದಿನವೇ ಬರೆದಿಡಲು ನಮಗೆ ಸಂಕೋಚ. ಅಪಶಕುನ ನುಡಿದಂತೆ ಎನಿಸುತ್ತದೆ. ನಿಕಾಹ್‌ನಾಮೆಯಲ್ಲಿ ಮೆಹರ್ ಬರೆಯಲು ಇಲ್ಲದ ಸಂಕೋಚ ವ್ಯಾಪಾರದಲ್ಲೇಕೆ? ಯೆನಿಜೆಯ ಆ ಇಬ್ಬರು ಜಗಳ ತೀರಿಸುವ ದಾರಿಯನ್ನು ಬರೆದಿಟ್ಟಿದ್ದರು. ಅಗಲುವ ದಾರಿಯನ್ನು ಮಾತ್ರ ನ್ಯಾಯಾಲಯದಲ್ಲಿ ಹುಡುಕಬೇಕಾಯಿತು.