ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣ ಪತ್ರ: ಮನೆಮಾತು ಮತ್ತು ಬೋಧನಾ ಮಾಧ್ಯಮ

ಚಿತ್ರದುರ್ಗ ಜಿಲ್ಲೆಯಲ್ಲಿ ಶಾಲೆಯ ಭಾಷೆಯೇ ಎಲ್ಲರ ಮನೆಮಾತಲ್ಲ. ಆಂಧ್ರದ ಗಡಿಗೆ ಹೊಂದಿಕೊಂಡಿರುವ ಹಿರಿಯೂರು ತಾಲ್ಲೂಕಿನ ಧರ್ಮಪುರ ಭಾಗದಲ್ಲಿ ತೆಲುಗು, ಹೊಳಲ್ಕೆರೆ ಮತ್ತು ಹೊಸದುರ್ಗದ ತಾಂಡಾಗಳಲ್ಲಿ ಲಂಬಾಣಿ, ಪಟ್ಟಣಗಳಲ್ಲಿ ಉರ್ದು ಬಳಕೆಯಲ್ಲಿವೆ. (ಲಂಬಾಣಿಯನ್ನು 2011ರ ಜನಗಣತಿಯು ಹಿಂದಿಯ ಗುಂಪಿನಡಿ ಎಣಿಸಿದೆ, ತಾಂಡಾದ ಮಗುವಿಗೆ ಶಾಲೆಯಲ್ಲಿ ದೊರೆಯುವುದು ಸಾಮಾನ್ಯವಾಗಿ ಕನ್ನಡವೇ.) ಈ ಕಾರಣದಿಂದ ಅರ್ಜಿದಾರರಲ್ಲಿ ಗೊಂದಲ ಉಂಟಾಗುವುದು ಸಹಜ.

ದಿನಾಂಕ 24-10-2002ರ ಸರ್ಕಾರಿ ಆದೇಶದಂತೆ, ರಾಜ್ಯ ಸಿವಿಲ್ ಸೇವೆಗಳ ನೇರ ನೇಮಕಾತಿಯಲ್ಲಿ ಶೇ. 5ರಷ್ಟು ಹುದ್ದೆಗಳನ್ನು 1ರಿಂದ 10ನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಮೀಸಲಿರಿಸಲಾಗಿದೆ. ವೃತ್ತಿಪರ ಕೋರ್ಸುಗಳ ಪ್ರವೇಶದಲ್ಲಿಯೂ ಶೇ. 5ರ ಮೀಸಲಾತಿ ಇರುತ್ತದೆ.

ಇಲ್ಲಿ ಪರಿಗಣಿಸುವುದು ಬೋಧನಾ ಮಾಧ್ಯಮವನ್ನೇ ಹೊರತು ಮಾತೃಭಾಷೆಯನ್ನಲ್ಲ. ಮನೆಯಲ್ಲಿ ತೆಲುಗು, ಲಂಬಾಣಿ ಅಥವಾ ಉರ್ದು ಮಾತನಾಡುವ ಅಭ್ಯರ್ಥಿಯು ಹತ್ತೂ ತರಗತಿಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅರ್ಹನಾಗಿರುತ್ತಾನೆ. ಮನೆಮಾತು ಕನ್ನಡವೇ ಆಗಿದ್ದು, ಆಂಗ್ಲ ಮಾಧ್ಯಮ ಶಾಲೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಮಾತ್ರ ಓದಿದವರಿಗೆ ಈ ಸೌಲಭ್ಯ ದೊರೆಯುವುದಿಲ್ಲ. ಅಂಕಪಟ್ಟಿಯಲ್ಲಿ 'ಪ್ರಥಮ ಭಾಷೆ ಕನ್ನಡ' ಎಂದು ನಮೂದಾಗಿರುವುದನ್ನೇ ಆಧಾರವೆಂದು ತಂದು ನಿರಾಶರಾಗುವವರುಂಟು.

1ರಿಂದ 4ನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ 1994ರ ಆದೇಶವು 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಊರ್ಜಿತವಾಗಲಿಲ್ಲ. ಮಾಧ್ಯಮದ ಆಯ್ಕೆ ಈಗ ಪೋಷಕರದು. 2019-20ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿಯೂ ಆಂಗ್ಲ ಮಾಧ್ಯಮ ವಿಭಾಗಗಳು ನಡೆಯುತ್ತಿವೆ. ಶಾಲೆ ಸರ್ಕಾರಿಯಾಗಿದ್ದ ಮಾತ್ರಕ್ಕೆ ಮಾಧ್ಯಮ ಕನ್ನಡವೆಂದು ಭಾವಿಸತಕ್ಕದ್ದಲ್ಲ. ಒಂದನೇ ತರಗತಿಯ ದಾಖಲಾತಿಯ ದಿನ ಕೈಗೊಂಡ ನಿರ್ಧಾರದ ಪರಿಣಾಮ ಉದ್ಯೋಗದ ಅರ್ಜಿಯ ವೇಳೆಗೆ ತಿಳಿಯುತ್ತದೆ; ಪೋಷಕರು ಯಾವ ವಿಭಾಗವೆಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು.

ಪ್ರಮಾಣ ಪತ್ರವನ್ನು ವ್ಯಾಸಂಗ ಮಾಡಿದ ಶಾಲೆಯ ಮುಖ್ಯೋಪಾಧ್ಯಾಯರಿಂದ ನಿಗದಿತ ನಮೂನೆಯಲ್ಲಿ ಪಡೆಯತಕ್ಕದ್ದು. ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ಓದಿದ್ದಲ್ಲಿ ಪ್ರತಿಯೊಂದು ಶಾಲೆಯ ದಾಖಲೆಯೂ ಅವಶ್ಯಕ. ಅಧಿಸೂಚನೆಯಲ್ಲಿ ಕೋರಿದ್ದಲ್ಲಿ, ಶಾಲೆಯಿರುವ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಪಡೆಯಬೇಕು. ಹೊಸದುರ್ಗದಲ್ಲಿ ಓದಿ ಈಗ ಚಿತ್ರದುರ್ಗದಲ್ಲಿ ವಾಸವಿರುವವರು ಹೊಸದುರ್ಗದ ಕಛೇರಿಯನ್ನೇ ಸಂಪರ್ಕಿಸಬೇಕು. ಅರ್ಜಿ ಸಲ್ಲಿಸುವ ಕೊನೆಯ ದಿನಾಂಕದೊಳಗಾಗಿ ಪ್ರಮಾಣ ಪತ್ರ ಕೈಯಲ್ಲಿರುವಂತೆ ನೋಡಿಕೊಳ್ಳಲು ಕೋರಲಾಗಿದೆ.