ಕಾಗದದ ಕೊಳವೆಯಲ್ಲಿ ತುಂಬಾದ ರಾಕೆಟ್



ಮಾದರಿ ರಾಕೆಟ್ ಕಿಟ್ ಬಿಚ್ಚಿದರೆ ಸಿಗುವುದು ಕಾಗದದ ಕೊಳವೆ, ಪ್ಲಾಸ್ಟಿಕ್ ಮೂತಿ, ಬಾಲ್ಸಾ ಮರದ ರೆಕ್ಕೆಗಳು ಮತ್ತು ಒಂದು ಪುಟ್ಟ ಪ್ಯಾರಾಚೂಟ್. ಅದನ್ನು ಅಳೆದು, ಕತ್ತರಿಸಿ, ಬದಲಿಸಿ ನಿಜವಾಗಿ ಹಾರಿದ ರಾಕೆಟ್ಟಿನ ಪ್ರತಿಕೃತಿ ಮಾಡುವವರಿದ್ದಾರೆ. ನಾವು ಕೇರಳದ ಕ್ರೈಸ್ತ ಯುವಜನರು ಹಾಗೆ ಮಾಡುವುದಾದರೆ ಮೊದಲು ಮಾಡಬೇಕಾದದ್ದು ನೈಕ್-ಅಪಾಚೆ. 1963ರ ನವೆಂಬರ್ 21ರ ಸಂಜೆ ತಿರುವನಂತಪುರದ ಬಳಿಯ ತುಂಬಾದಿಂದ, ಒಂದು ದೇವಾಲಯದ ಅಂಗಳದಿಂದ ಎಂದರೂ ತಪ್ಪಲ್ಲ, ಹಾರಿದ ರಾಕೆಟ್ ಅದು.

ಈ ಹವ್ಯಾಸ ಹುಟ್ಟಿದ್ದು ಮಕ್ಕಳ ಜೀವ ಉಳಿಸಲು. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಹುಡುಗರು ಕಬ್ಬಿಣದ ಪೈಪಿಗೆ ತಾವೇ ಕಲಸಿದ ಮದ್ದು ತುಂಬಿ ಗಾಯಗೊಳ್ಳುತ್ತಿದ್ದರು. ನೆಬ್ರಾಸ್ಕಾದ ನಾರ್ಫೋಕ್‌ನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲೇ ಕಾಗದದ ಮೈಯ, ಪ್ಯಾರಾಚೂಟಿನಲ್ಲಿ ಇಳಿಯುವ ರಾಕೆಟ್ ಮಾಡಿದ್ದರು. ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್ ಅದನ್ನು ಊರೂರಿಗೆ ಮುಟ್ಟಿಸಿದರು. ಮದ್ದನ್ನು ಮನೆಯಲ್ಲಿ ತಯಾರಿಸಬಾರದು, ಲೋಹದ ಕೊಳವೆ ಬಳಸಬಾರದು ಎಂಬ ಅಂದಿನ ನಿಯಮಗಳು ಇಂದಿಗೂ ಬದಲಾಗಿಲ್ಲ. ನಮಗೂ ಅವೇ ನಿಯಮ.

ಈಗ ಲೆಕ್ಕಕ್ಕೆ ಬರೋಣ. ನೈಕ್-ಅಪಾಚೆ ಎರಡು ಹಂತದ ರಾಕೆಟ್. ಕೆಳಗಿನ ನೈಕ್‌ನ ವ್ಯಾಸ ಸುಮಾರು 420 ಮಿ.ಮೀ., ಮೇಲಿನ ಅಪಾಚೆಯದು 165 ಮಿ.ಮೀ., ಒಟ್ಟು ಉದ್ದ ಸುಮಾರು 8 ಮೀಟರ್. ಎಸ್ಟೆಸ್ ಕಂಪನಿಯ ಕಿಟ್‌ಗಳಲ್ಲಿ ಬರುವ ಬಿಟಿ-55 ಕೊಳವೆಯ ಹೊರವ್ಯಾಸ 33.7 ಮಿ.ಮೀ. ಅಂದರೆ ನಮ್ಮ ಅಳತೆ 1:12.5. ಆ ಲೆಕ್ಕದಲ್ಲಿ ಅಪಾಚೆ 13.2 ಮಿ.ಮೀ. ಇರಬೇಕು, ಬಿಟಿ-5 ಕೊಳವೆ 13.7 ಮಿ.ಮೀ. ಇದೆ. ಅರ್ಧ ಮಿಲಿಮೀಟರ್ ಹೆಚ್ಚು, ಸಹಿಸಬಹುದು. ಉದ್ದ ಸುಮಾರು 64 ಸೆಂ.ಮೀ. ಆಗುತ್ತದೆ. ಕಿಟ್ಟಿನ ರೆಕ್ಕೆಗಳನ್ನು ಬದಿಗಿಟ್ಟು, ಹಳೆಯ ಫೋಟೋ ನೋಡಿ ಹೊಸದನ್ನು ಕತ್ತರಿಸಬೇಕು.

ಆದರೆ ಎಲ್ಲವನ್ನೂ ಅಳತೆಯಲ್ಲಿ ಕುಗ್ಗಿಸಲಾಗದು. ನಿಜವಾದ ನೈಕ್ ಸುಮಾರು ಮೂರೂವರೆ ಸೆಕೆಂಡು ಉರಿದು ಕಳಚಿ ಬೀಳುತ್ತಿತ್ತು. ಅಪಾಚೆ ಕೆಲವು ಸೆಕೆಂಡು ಸುಮ್ಮನೆ ಏರಿ ಆಮೇಲೆ ಹೊತ್ತಿಕೊಳ್ಳುತ್ತಿತ್ತು. ಮಾದರಿಯಲ್ಲಿ ಕೆಳಗಿನ ಎಂಜಿನ್ ಮುಗಿಯುತ್ತಲೇ ಅದರ ಕಿಡಿಯೇ ಮೇಲಿನದನ್ನು ಹೊತ್ತಿಸುತ್ತದೆ. ಆ ಮೌನದ ಗಳಿಗೆ ಸಿಗುವುದಿಲ್ಲ. ಹಾರಿಸುವವರು ಇನ್ನೊಂದನ್ನು ಗಮನಿಸಬೇಕು: ರಾಕೆಟ್ಟಿನ ಭಾರದ ಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದಿರಬೇಕು. ಅದಕ್ಕಾಗಿ ಮೂತಿಯೊಳಗೆ ಸ್ವಲ್ಪ ಜೇಡಿ ತುಂಬುತ್ತಾರೆ. ಒತ್ತಡದ ಕೇಂದ್ರ ಲೆಕ್ಕಹಾಕುವ ಸುಲಭ ವಿಧಾನವನ್ನು 1966ರಲ್ಲಿ ಹವ್ಯಾಸಿಗಳಿಗೆ ಕೊಟ್ಟವರು ನಾಸಾದ ಜೇಮ್ಸ್ ಬ್ಯಾರೋಮನ್.

ಇದನ್ನೆಲ್ಲ ಮಾಡುವಾಗ ಒಂದು ವಿಷಯ ಹೊಳೆಯುತ್ತದೆ. ಆ ನಿಜವಾದ ರಾಕೆಟ್ಟೂ ಬದಲಿಸಿದ ವಸ್ತುವೇ! ನೈಕ್ ಮೂಲತಃ ವಿಮಾನ ಹೊಡೆದುರುಳಿಸುವ ಕ್ಷಿಪಣಿಯ ಕೆಳಹಂತ. ಅದೇ ಬೆಂಕಿ ತುಂಬಾದಲ್ಲಿ ಸೋಡಿಯಂ ಆವಿಯನ್ನು ಹೊತ್ತೊಯ್ದು, ಮೇಲಿನ ಗಾಳಿಯ ಚಲನೆ ತಿಳಿಯಲು ಮುಸ್ಸಂಜೆಯ ಆಕಾಶದಲ್ಲಿ ಬಣ್ಣದ ಮೋಡ ಹರಡಿತು. ಪ್ರವಾದಿ ಯೆಶಾಯ ಕಂಡ ಕನಸು, ಆಯುಧವು ನೇಗಿಲಾಗುವ ಕನಸು, ನೆನಪಾಗದಿರದು.

ನೆಲವೂ ಹಾಗೆಯೇ ಬದಲಾಯಿತು. ಭೂಮಿಯ ಕಾಂತೀಯ ಸಮಭಾಜಕ ರೇಖೆ ತುಂಬಾದ ಹತ್ತಿರ ಹಾದುಹೋಗುವುದರಿಂದ ವಿಕ್ರಮ್ ಸಾರಾಭಾಯಿ ಅವರಿಗೆ ಆ ಜಾಗವೇ ಬೇಕಿತ್ತು. ಅಲ್ಲಿ ಮೀನುಗಾರರ ಮನೆಗಳಿದ್ದವು, ಸಂತ ಮಗ್ದಲದ ಮರಿಯಳ ದೇವಾಲಯವಿತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಭಾನುವಾರದ ಪೂಜೆಯಲ್ಲಿ ಜನರನ್ನೇ ಕೇಳಿದರು, ಜನ ಒಪ್ಪಿದರು ಎಂದು ಅಬ್ದುಲ್ ಕಲಾಂ ಹೇಳುತ್ತಿದ್ದರು. ದೇವಾಲಯ ಕಾರ್ಯಾಗಾರವಾಯಿತು, ದನದ ಕೊಟ್ಟಿಗೆ ಪ್ರಯೋಗಾಲಯವಾಯಿತು. ಜನ ಬೇರೆಡೆ ಮನೆ ಕಟ್ಟಿಕೊಂಡರು. ದೇವಾಲಯದ ಆ ಕಟ್ಟಡ ಇಂದು ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಮನೆ, ಅಂಗಳ, ಪೂಜೆಯ ಜಾಗ ಬಿಟ್ಟುಕೊಟ್ಟವರ ಹೆಸರುಗಳು ಮಾತ್ರ ಯಾವ ರಾಕೆಟ್ಟಿನ ಮೇಲೂ ಇಲ್ಲ.

ಉಡಾವಣೆಯ ದಿನ ರಾಕೆಟ್ಟನ್ನು ಎತ್ತುತ್ತಿದ್ದ ಕ್ರೇನಿನ ಹೈಡ್ರಾಲಿಕ್ ಸೋರಿ, ರಾಕೆಟ್ ವಾಲತೊಡಗಿತಂತೆ. ಕೊನೆಗೆ ಎಲ್ಲರೂ ಕೈಕೊಟ್ಟು ಅದನ್ನು ಉಡಾವಣಾ ಕಂಬಕ್ಕೆ ಏರಿಸಿದರೆಂದು ಕಲಾಂ ಬರೆದಿದ್ದಾರೆ.

ಆದ್ದರಿಂದ ನನ್ನದೊಂದು ಸಲಹೆ. ಪ್ರತಿಕೃತಿ ಮಾಡಿದರೆ ರಾಕೆಟ್ಟನ್ನು ಒಂಟಿಯಾಗಿ ನಿಲ್ಲಿಸಬೇಡಿ. 1:12.5 ಅಳತೆಯಲ್ಲಿ 165 ಸೆಂ.ಮೀ. ಎತ್ತರದ ಮನುಷ್ಯ 13.2 ಸೆಂ.ಮೀ. ಆಗುತ್ತಾನೆ. ರಟ್ಟಿನಲ್ಲಿ ಅಂಥ ಕೆಲವರನ್ನು ಕತ್ತರಿಸಿ: ರಾಕೆಟ್ಟಿಗೆ ಕೈಕೊಟ್ಟ ಎಂಜಿನಿಯರುಗಳು, ಹಿಂದೆ ಮುಂಡು ಉಟ್ಟ ಮೀನುಗಾರರು, ತಲೆಗೆ ವಸ್ತ್ರ ಹೊದ್ದ ತಾಯಂದಿರು. ಆಗ ಮಾತ್ರ ಅಳತೆ ಸರಿಯಾಗುತ್ತದೆ.